ನಂದಗಡದ ಆಲದ ನೆರಳಿನಲ್ಲಿ

ಮಹನೀಯರ ಸಮಾಧಿಸ್ಥಳಗಳನ್ನು ಸಂದರ್ಶಿಸುವುದು ನಮ್ಮ ಬದುಕಿನಲ್ಲಿ ಒಂದು ವ್ರತದಂತೆ ನಡೆದುಬಂದಿದೆ. ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿದ್ದು ಅಕ್ಷರ ಕಲಿತವರು ನಾವು. ಯಾವ ಊರಿಗೆ ಹೋದರೂ ಆ ಊರಿನ ಹಿರಿಯರು ಮಲಗಿರುವ ನೆಲಕ್ಕೆ ಒಮ್ಮೆ ಹೋಗಿ ಶಿರಬಾಗಿ ಬರಬೇಕೆಂಬುದು ಗುರುಗಳು ಅಂದು ಕಲಿಸಿದ ಪಾಠ. ಅದರಂತೆ ರಾಣಿ ಚೆನ್ನಮ್ಮನವರು ಹುಟ್ಟಿದ ಕಾಕತಿಯನ್ನೂ, ಆಳಿದ ಕಿತ್ತೂರನ್ನೂ, ಸೆರೆಯಲ್ಲಿದ್ದು ಕಣ್ಮುಚ್ಚಿದ ಬೈಲಹೊಂಗಲವನ್ನೂ ನಾವು ಎಷ್ಟೋ ಸಲ ಕಂಡಿದ್ದೇವೆ. ಅಲ್ಲಿ ಉಪನ್ಯಾಸಗಳನ್ನೂ ಮಾಡಿದ್ದೇವೆ. ಆ ಉಪನ್ಯಾಸಗಳಲ್ಲಿ ಸಂಗೊಳ್ಳಿ ರಾಯಣ್ಣನ ಹೆಸರನ್ನು ಎತ್ತಿದಾಗಲೆಲ್ಲ ಸಭೆಯು ಚಪ್ಪಾಳೆ ತಟ್ಟಿದೆ. ಆದರೆ ಬೆಳಗಾವಿಯಿಂದ ಕೂಗಳತೆಯಲ್ಲಿದೆ ಎನ್ನಬಹುದಾದ ನಂದಗಡಕ್ಕೆ, ಆ ರಾಯಣ್ಣನ ಸಮಾಧಿಯಿರುವ ಊರಿಗೆ, ಅರವತ್ತು ದಾಟುವವರೆಗೂ ನಾವು ಹೋಗಿರಲಿಲ್ಲ. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ಕೊನೆಗೂ ನಮ್ಮನ್ನು ಅಲ್ಲಿಗೆ ಕಳಿಸಿದವರು ಯಾವ ಇತಿಹಾಸಕಾರರೂ ಅಲ್ಲ, ಕೋಲ್ಕತ್ತದ ಒಬ್ಬ ವೃದ್ಧ ಫುಟ್‌ಬಾಲ್ ಅಭಿಮಾನಿ. ಆ ಪ್ರಸಂಗವನ್ನು ಮೊದಲು ನಿವೇದಿಸುತ್ತೇವೆ.

2018ರ ಜನವರಿಯಲ್ಲಿ ಒಂದು ವಿಚಾರಗೋಷ್ಠಿಯ ನಿಮಿತ್ತ ನಾವು ಕೋಲ್ಕತ್ತಕ್ಕೆ ಹೋಗಿದ್ದೆವು. ಗೋಷ್ಠಿ ಮುಗಿದ ಮರುದಿನ ಮುಂಜಾನೆ ಅಲ್ಲಿಯ ವಿಶಾಲವಾದ ಮೈದಾನದಲ್ಲಿ ತಿರುಗಾಡುತ್ತಿರುವಾಗ, ಕೆಂಪು-ಹಳದಿ ಬಣ್ಣ ಬಳಿದ ಒಂದು ಬೇಲಿಯ ಬಳಿ ಚಹಾದ ಗಾಡಿಯೊಂದು ಕಂಡಿತು. ಅದು ಈಸ್ಟ್ ಬೆಂಗಾಲ್ ಎಂಬ ಪ್ರಸಿದ್ಧ ಫುಟ್‌ಬಾಲ್ ಸಂಘದ ಮೈದಾನವೆಂದು ಆಮೇಲೆ ತಿಳಿಯಿತು. ಗಾಡಿಯ ಪಕ್ಕದ ಬೆಂಚಿನ ಮೇಲೆ ಉಣ್ಣೆಯ ಟೋಪಿ ಹಾಕಿಕೊಂಡ ಎಪ್ಪತ್ತೈದರ ಆಸುಪಾಸಿನ ಹಿರಿಯರೊಬ್ಬರು ಕುಳಿತಿದ್ದರು. ನಮ್ಮ ಹಣೆಯ ವಿಭೂತಿಯನ್ನು ನೋಡಿ, ಯಾವ ಕಡೆಯವರೆಂದು ಹಿಂದಿಯಲ್ಲಿ ವಿಚಾರಿಸಿದರು. ಕರ್ನಾಟಕ ಎಂದೆವು. ಅವರಿಗೆ ಅರ್ಥವಾದಂತೆ ತೋರಲಿಲ್ಲ. ಬೆಂಗಳೂರಿನ ರಾಜ್ಯ ಎಂದೆವು. ಆಗ ಅವರು ಎದ್ದು ನಿಂತು ನಮ್ಮ ಎರಡೂ ಕೈಗಳನ್ನು ಹಿಡಿದುಕೊಂಡು, “ಅಹಮದ್‌ದಾ ಅವರ ಊರಿನವರೇ!” ಎಂದರು.

ಅಹಮದ್ ಯಾರೆಂಬುದು ನಮಗೆ ಗೊತ್ತಿರಲಿಲ್ಲ. ಹಾಗೆಂದು ಹೇಳಿದಾಗ ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ. ಮನೆಯ ಹಿರಿಯರ ಹೆಸರನ್ನೇ ಅರಿಯದ ಮಗುವನ್ನು ಕಂಡಾಗ ಉಂಟಾಗುವ ವ್ಯಥೆ. ನಮ್ಮನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಚಹಾ ತರಿಸಿ, ಒಂದು ತಾಸು ಅವರು ಅಹಮದ್ ಖಾನರ ಕಥೆ ಹೇಳಿದರು. ಆಮೇಲೆ ನಾವು ಗ್ರಂಥಾಲಯದಲ್ಲಿ ಕುಳಿತು ಆ ಮಾತುಗಳನ್ನು ಪರಿಶೀಲಿಸಿಕೊಂಡೆವು. ಓದುಗರಲ್ಲಿಯೂ ಬಹುಜನರಿಗೆ ಈ ಸಂಗತಿ ತಿಳಿದಿರಲಾರದೆಂದು ಸಂಕ್ಷೇಪವಾಗಿ ಇಲ್ಲಿ ಕೊಡುತ್ತೇವೆ.

ಅಹಮದ್ ಖಾನರು 1926ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಆ ಕಾಲದಲ್ಲಿ ಮೈಸೂರು ಸಂಸ್ಥಾನದ ಫುಟ್‌ಬಾಲ್ ಎಂದರೆ ದೇಶದಲ್ಲಿಯೇ ಹೆಸರಾದದ್ದು. 1946-47ರಲ್ಲಿ ಮೈಸೂರು ತಂಡವು ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತ್ತು. 1948ರ ಲಂಡನ್ ಒಲಿಂಪಿಕ್ ಕೂಟಕ್ಕೆ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ತಂಡ ಹೋದಾಗ ಅಹಮದ್ ಖಾನರು ಅದರಲ್ಲಿದ್ದರು. ಜುಲೈ 31ರಂದು ಫ್ರಾನ್ಸ್ ತಂಡದೆದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು. ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪಿ, ಪಂದ್ಯವನ್ನು 2-1ರಿಂದ ಸೋತರು. ಭಾರತದ ಆ ಒಂದು ಗೋಲನ್ನು ಹೊಡೆದವರು ಮೈಸೂರಿನ ತಂಡದಿಂದ ಹೋಗಿದ್ದ ಎಸ್. ರಾಮನ್. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ, 1952ರ ಹೆಲ್ಸಿಂಕಿ ಒಲಿಂಪಿಕ್ ತಂಡದಲ್ಲಿಯೂ ಅಹಮದ್ ಖಾನರು ಇದ್ದರು.

ಅವರು 1949ರಲ್ಲಿ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದರು. 1920ರಲ್ಲಿ ಸ್ಥಾಪಿತವಾದ ಈ ಸಂಘವು ಹೆಸರೇ ಸೂಚಿಸುವಂತೆ ಪೂರ್ವಬಂಗಾಳದ ಮೂಲದವರ ಅಭಿಮಾನದ ಸಂಘ. 1947ರ ದೇಶವಿಭಜನೆಯ ಬಳಿಕ ಮನೆ-ಮಠ, ಹೊಲ-ಗದ್ದೆಗಳನ್ನು ಅಲ್ಲಿಯೇ ಬಿಟ್ಟು ಉಟ್ಟ ಬಟ್ಟೆಯಲ್ಲಿ ಕೋಲ್ಕತ್ತಕ್ಕೆ ಬಂದ ಲಕ್ಷಾಂತರ ನಿರಾಶ್ರಿತರಿಗೆ, ‘ನಮ್ಮದು’ ಎಂದು ಹೇಳಿಕೊಳ್ಳಲು ಉಳಿದ ಕೆಲವೇ ವಸ್ತುಗಳಲ್ಲಿ ಇದೂ ಒಂದಾಯಿತು. ಆ ದಿನಗಳಲ್ಲಿ ಸಂಘದ ಮುಂಚೂಣಿಯಲ್ಲಿ ಐವರು ಆಟಗಾರರಿದ್ದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್ ಮತ್ತು ಸಾಲೆ. 1949, 1950, 1951 ಈ ಮೂರು ವರ್ಷ ಒಂದರ ಹಿಂದೊಂದರಂತೆ ಐ.ಎಫ್.ಎ. ಶೀಲ್ಡನ್ನು ಆ ತಂಡ ಗೆದ್ದಿತು. ಅಭಿಮಾನಿಗಳು ಆ ಐವರನ್ನು ‘ಪಂಚಪಾಂಡವರು’ ಎಂದು ಕರೆದರು.

ಈ ಹೆಸರನ್ನು ಓದುಗರು ಸ್ವಲ್ಪ ನಿಂತು ಆಲೋಚಿಸಬೇಕು. ಆ ಐವರಲ್ಲಿ ಒಬ್ಬರೂ ಬಂಗಾಳಿಗಳಲ್ಲ. ಐವರೂ ದಕ್ಷಿಣದಿಂದ ಹೋದವರು. ಇಬ್ಬರು ಮುಸಲ್ಮಾನರು. ಧರ್ಮದ ಹೆಸರಿನಲ್ಲಿ ದೇಶವು ಎರಡಾಗಿ, ಅದರ ಉರಿಯಲ್ಲಿ ಬೆಂದು ಬಂದ ಹಿಂದೂ ನಿರಾಶ್ರಿತರು, ಆ ಉರಿ ಇನ್ನೂ ಆರದಿರುವಾಗಲೇ, ಬೆಂಗಳೂರಿನ ಒಬ್ಬ ಮುಸಲ್ಮಾನ ಯುವಕನನ್ನು ಪಾಂಡವರಲ್ಲಿ ಒಬ್ಬನೆಂದು ಎಣಿಸಿದರು. ನಾವು ಶಾಸ್ತ್ರಗ್ರಂಥಗಳಲ್ಲಿ ಸಮನ್ವಯದ ಕುರಿತು ಬಹಳ ಓದಿದ್ದೇವೆ, ಬಹಳ ಬರೆದಿದ್ದೇವೆ. ಆದರೆ ಇಷ್ಟು ಸಹಜವಾಗಿ ಅದು ನಡೆದುದನ್ನು ಅಪರೂಪಕ್ಕೆ ಕೇಳಿದ್ದೇವೆ.

ಅಹಮದ್ ಖಾನರು ಕೋಲ್ಕತ್ತದಲ್ಲಿಯೇ ಉಳಿದು 2017ರ ಆಗಸ್ಟಿನಲ್ಲಿ ಅಲ್ಲಿಯೇ ತೀರಿಕೊಂಡರು. ನಾವು ಆ ಬೆಂಚಿನ ಮೇಲೆ ಕುಳಿತಿದ್ದಾಗ ಅವರು ತೀರಿಕೊಂಡು ಅರ್ಧ ವರ್ಷವೂ ಆಗಿರಲಿಲ್ಲ. ಹಿರಿಯರು ಹೇಳಿದ ಒಂದು ಮಾತು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತು. “ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾದ ಎದುರು ನಾವು ಹತ್ತು-ಒಂದರಿಂದ ಸೋತೆವು. ಎಲ್ಲರೂ ಆ ಹತ್ತರ ಮಾತನ್ನೇ ಆಡುತ್ತಾರೆ. ಆ ಒಂದು ಅಹಮದ್‌ದಾ ಹೊಡೆದದ್ದು. ನಮ್ಮ ತಂದೆ ಸಾಯುವತನಕ ಆ ಒಂದರ ಮಾತನ್ನೇ ಆಡಿದರು” ಎಂದರು. ಅವರ ತಂದೆ ಪೂರ್ವಬಂಗಾಳದಿಂದ ಮಗನನ್ನು ಹೆಗಲಮೇಲೆ ಹೊತ್ತು ಬಂದವರಂತೆ. ಅದೇ ಹೆಗಲಮೇಲೆ ಕೂಡಿಸಿಕೊಂಡು ಅಹಮದರ ಆಟ ತೋರಿಸಿದರಂತೆ.

ಮಾತು ಮುಗಿಯುವಾಗ ಅವರು, ನಿಮ್ಮ ಸೀಮೆಯಲ್ಲಿ ನೀವು ಯಾರನ್ನು ನೆನೆಯುತ್ತೀರಿ ಎಂದು ಕೇಳಿದರು. ನಾವು ಉತ್ಸಾಹದಿಂದ ಕಿತ್ತೂರಿನ ಕಥೆಯನ್ನೂ ರಾಯಣ್ಣನ ಕಥೆಯನ್ನೂ ಹೇಳಿದೆವು. ಅವರು ಕಿವಿಗೊಟ್ಟು ಕೇಳಿ, “ಅವನನ್ನು ಮಣ್ಣುಮಾಡಿದ ಜಾಗ ಹೇಗಿದೆ? ಜನ ಅಲ್ಲಿಗೆ ಬಂದು ಏನು ಮಾಡುತ್ತಾರೆ?” ಎಂದರು. ಕೇಳಿ ಬಲ್ಲದ್ದನ್ನು ನಾವು ಹೇಳಬಹುದಾಗಿತ್ತು. ಕಂಡು ಬಲ್ಲದ್ದು ಏನೂ ಇರಲಿಲ್ಲ. ಸುಮ್ಮನಾದೆವು. ನಂದಗಡಕ್ಕೆ ಹೋಗಬೇಕೆಂಬ ಸಂಕಲ್ಪ ಅಂದೇ ಹುಟ್ಟಿತು. ಅನಾರೋಗ್ಯ, ಕೊರೋನದ ವರ್ಷಗಳು, ನಮ್ಮ ಆಲಸ್ಯ ಇವೆಲ್ಲ ಸೇರಿ ಅದು ಕೈಗೂಡಿದ್ದು ಕಳೆದ ಮಾಘಮಾಸದಲ್ಲಿ.

ಬೆಳಗಾವಿಯಲ್ಲಿ ನಾವು ಸದ್ಭಕ್ತರೊಬ್ಬರ ಮನೆಯಲ್ಲಿ ಬಿಡಾರ ಮಾಡಿದ್ದೆವು. ಆ ಮನೆಯ ಮೊಮ್ಮಗ ಹೈಸ್ಕೂಲಿನ ಹುಡುಗ, ಫುಟ್‌ಬಾಲ್ ಹುಚ್ಚಿನವನು. ಬೆಳಗಾವಿಗೆ ಈ ಆಟ ಹೊಸದೇನಲ್ಲ. ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ 1856ರಷ್ಟು ಹಿಂದೆಯೇ ಸ್ಥಾಪಿತವಾದ ಸೇಂಟ್ ಪಾಲ್ಸ್ ಶಾಲೆಯ ಹಳೆಯ ವಿದ್ಯಾರ್ಥಿಗಳು ದಿವಂಗತ ಫಾದರ್ ಎಡ್ಡಿಯವರ ನೆನಪಿನಲ್ಲಿ ಶಾಲಾ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯನ್ನು ನಡೆಸುತ್ತ ಬಂದಿದ್ದಾರೆ. ಅಗಲಿದವರನ್ನು ಮಕ್ಕಳ ಆಟದಿಂದಲೇ ನೆನೆಯುವ ಈ ರೀತಿ ನಮಗೆ ಮೆಚ್ಚಿಗೆಯಾಯಿತು. ಹುಡುಗನಿಗೆ ಅಹಮದ್ ಖಾನರು ಗೊತ್ತೇ ಎಂದು ಕೇಳಿದೆವು. ಮೆಸ್ಸಿ ಗೊತ್ತು, ರೊನಾಲ್ಡೊ ಗೊತ್ತು, ಅಹಮದ್ ಖಾನ್ ಗೊತ್ತಿಲ್ಲವೆಂದ. ಅವನನ್ನು ಬೈಯುವ ಅಧಿಕಾರ ನಮಗೆಲ್ಲಿಯದು? ದಾರಿಯಲ್ಲಿ ಹೇಳುತ್ತೇವೆ ಬಾ ಎಂದೆವು. ನಮ್ಮ ಕೈಚೀಲವನ್ನು ಹಿಡಿದುಕೊಂಡು ಅವನೂ ಬಸ್ಸು ಹತ್ತಿದ.

ಬೆಳಗಾವಿಯಿಂದ ಖಾನಾಪುರಕ್ಕೆ ಇಪ್ಪತ್ತಾರು ಕಿಲೋಮೀಟರ್. ಗೋವೆಗೆ ಹೋಗುವ ಹೆದ್ದಾರಿಯೇ ಅದು. ಈಗ ಅಗಲವಾಗಿ ಹರಡಿಕೊಂಡಿದೆ. ನಗರವನ್ನು ದಾಟುತ್ತಿದ್ದಂತೆಯೇ ಪೀರನವಾಡಿ ಎಂಬ ಊರು ಬರುತ್ತದೆ. ಅಲ್ಲಿಯ ನಾಲ್ಕುದಾರಿಯ ಬಳಿ ರಾಯಣ್ಣನ ಪ್ರತಿಮೆಯಿದೆ. ಹುಡುಗ ಕಿಟಕಿಯಿಂದ ಬೆರಳು ಮಾಡಿ ತೋರಿಸಿ, “ಅಜ್ಜಾ, ಇಲ್ಲೇ ಗದ್ದಲಾ ಆಗಿತ್ತು” ಎಂದ. 2020ರ ಆಗಸ್ಟಿನಲ್ಲಿ ಒಂದು ರಾತ್ರಿ ಆ ಪ್ರತಿಮೆಯನ್ನು ಅಲ್ಲಿ ನಿಲ್ಲಿಸಲಾಯಿತು. ಆ ಚೌಕವು ಶಿವಾಜಿ ಮಹಾರಾಜರ ಹೆಸರಿನದೆಂದು ಇನ್ನೊಂದು ಪಕ್ಷದವರು ಆಕ್ಷೇಪಿಸಿದರು. ಕಲ್ಲು ತೂರಾಟ, ಲಾಠಿ, ಪೊಲೀಸರ ಕಾವಲು ಎಲ್ಲವೂ ನಡೆದು, ಕಡೆಗೆ ಚೌಕಕ್ಕೆ ಶಿವಾಜಿ ಮಹಾರಾಜರ ಹೆಸರು, ಪ್ರತಿಮೆ ರಾಯಣ್ಣನದು ಎಂದು ರಾಜಿಯಾಯಿತು. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿಯ ಪ್ರತಿಮೆಗೆ ಮಸಿ ಬಳಿದರು; ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಯನ್ನು ಭಗ್ನಗೊಳಿಸಿದರು. ಇಬ್ಬರು ವೀರರೂ ತಂತಮ್ಮ ಕಾಲದಲ್ಲಿ ಬಲಾಢ್ಯರೆದುರು ನಿಂತವರು. ಒಬ್ಬರನ್ನೊಬ್ಬರು ಕಂಡವರಲ್ಲ, ಅವರ ನಡುವೆ ಒಂದೂವರೆ ಶತಮಾನದ ಅಂತರವಿದೆ. ಅಭಿಮಾನಿಗಳು ಅವರನ್ನು ಎದುರುಬದುರು ನಿಲ್ಲಿಸಿ ಜಗಳವಾಡಿದರು.

ಅಭಿಮಾನದ ಈ ಮುಖವನ್ನು ಕೋಲ್ಕತ್ತದ ಮೈದಾನವೂ ಕಂಡಿದೆ. 1980ರ ಆಗಸ್ಟ್ 16ರಂದು ಅಲ್ಲಿಯ ಈಡನ್ ಗಾರ್ಡನ್ಸಿನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ತಂಡಗಳ ಪಂದ್ಯ ನಡೆಯುತ್ತಿದ್ದಾಗ ಪ್ರೇಕ್ಷಕರಲ್ಲಿ ಹೊಡೆದಾಟವಾಗಿ, ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಸತ್ತರು. ಆಟ ನೋಡಲು ಮನೆಯಿಂದ ಹೊರಟ ಹದಿನಾರು ಮಂದಿ! ಆ ಹಿರಿಯರು ಈ ವಿಷಯವನ್ನು ಹೇಳುವಾಗ, ಸತ್ತವರು ಯಾವ ತಂಡದ ಕಡೆಯವರೆಂದು ನಾವು ಕೇಳಿದೆವು. ಅವರು ತಲೆಯಾಡಿಸಿ, “ಅಂದಿನಿಂದ ಅದನ್ನು ಯಾರೂ ಕೇಳುವುದಿಲ್ಲ” ಎಂದಿದ್ದರು. ಪೀರನವಾಡಿಯ ಚೌಕವನ್ನು ಬಸ್ಸು ದಾಟುವಾಗ ಆ ಮಾತು ನೆನಪಾಯಿತು.

ಖಾನಾಪುರದಲ್ಲಿ ಬಸ್ಸು ಬದಲಿಸಬೇಕು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಊರ ಪಕ್ಕದಲ್ಲಿಯೇ ಹರಿಯುತ್ತಾಳೆ. ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ ಇದೇ ಎಂದು ನೆನೆದು ಕೈಮುಗಿದೆವು. ಹಂಚು-ಇಟ್ಟಿಗೆಗಳಿಗೂ ಕುಂಬಾರಿಕೆಗೂ ಹೆಸರಾದ ಊರು ಇದು. ಅಂಗಡಿಗಳ ಮುಂದೆ ಕನ್ನಡ, ಮರಾಠಿ ಎರಡೂ ಕೇಳಿಬರುತ್ತವೆ. ಬಸ್‌ನಿಲ್ದಾಣದಲ್ಲಿ ಒಬ್ಬ ತಾಯಿ ಮಗನಿಗೆ ಮರಾಠಿಯಲ್ಲಿ ಗದರಿಸಿ, ಕಂಡಕ್ಟರನಿಗೆ ಕನ್ನಡದಲ್ಲಿ ಚಿಲ್ಲರೆ ಕೇಳಿದಳು. ಅಲ್ಲಿಂದ ನಂದಗಡಕ್ಕೆ ಹತ್ತು-ಹನ್ನೆರಡು ಕಿಲೋಮೀಟರ್. ಬಯಲು ಸೀಮೆಯು ಹಿಂದೆ ಸರಿದು ಮಲೆನಾಡಿನ ಸೆರಗು ಆರಂಭವಾಗುವ ನಾಡು. ಕೊಯ್ಲಾದ ಭತ್ತದ ಗದ್ದೆಗಳು, ಅವುಗಳಾಚೆ ಕಾಡು. ಕದಂಬರ ಕಾಲದ ಹಲಸಿಯೂ ಇಲ್ಲಿಗೆ ಸಮೀಪವೇ.

ರಾಯಣ್ಣನ ಹೋರಾಟಕ್ಕೆ ಈ ಕಾಡೇ ಆಸರೆಯಾಗಿತ್ತು. ಬೈಲಹೊಂಗಲ ಸೀಮೆಯ ಸಂಗೊಳ್ಳಿಯಲ್ಲಿ, ಹಾಲುಮತದ ಮನೆಯಲ್ಲಿ ಹುಟ್ಟಿದವನು ರಾಯಣ್ಣ. ಊರ ಕಾವಲಿನ ಶೇತಸನದಿ ವೃತ್ತಿಯವನು. ಸಂಗೊಳ್ಳಿಯ ಗುಡಿಯಲ್ಲಿ ಅವನ ಮೂರ್ತಿಯ ಪಕ್ಕದಲ್ಲಿ ಸಾಮು ಮಾಡುವ ಕಟ್ಟಿಗೆಯ ಭಾರದ ತೂಕಗಳನ್ನು ಇಟ್ಟಿದ್ದಾರೆ. ಅವುಗಳಲ್ಲಿ ಒಂದು ಅವನೇ ಎತ್ತುತ್ತಿದ್ದುದೆಂದು ಊರವರ ನಂಬಿಕೆ. ದತ್ತುಪುತ್ರನ ಹಕ್ಕನ್ನು ಕಂಪನಿ ಸರಕಾರ ಒಪ್ಪದಿದ್ದಾಗ ನಡೆದ ಯುದ್ಧದಲ್ಲಿ, 1824ರ ಅಕ್ಟೋಬರ್ 23ರಂದು, ಕಿತ್ತೂರಿನವರು ಗೆದ್ದರು, ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ದೊಡ್ಡ ದಂಡು ಬಂದು ಕೋಟೆ ಸೋತಿತು. ರಾಣಿಯವರು ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ಲಿಂಗೈಕ್ಯರಾದರು. ಕೋಟೆ ಹೋಗಿತ್ತು, ದೊರೆ ಇರಲಿಲ್ಲ, ಕೈಯಲ್ಲಿ ಫಿರಂಗಿಯೂ ಇರಲಿಲ್ಲ. ಆ ಬಳಿಕವೂ ರಾಯಣ್ಣನು ಹಳ್ಳಿಯ ಜನರನ್ನು ಕಟ್ಟಿಕೊಂಡು, ದತ್ತುಪುತ್ರನನ್ನು ಗಾದಿಯ ಮೇಲೆ ಕೂಡಿಸುವ ಪಣ ತೊಟ್ಟು, ಕಾಡಿನಿಂದ ಬಂದು ಸರಕಾರದ ಕಚೇರಿಗಳನ್ನು ಸುಟ್ಟು ಕಾಡಿಗೆ ಮರಳುತ್ತಿದ್ದ. ಜನರ ಭೂಮಿಯನ್ನು ಕಸಿದ ದಫ್ತರಗಳು ಆ ಕಚೇರಿಗಳಲ್ಲಿದ್ದವು. 1830ರಲ್ಲಿ ಅವನನ್ನು ಹಿಡಿದರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಹೇಗೆ ಹಿಡಿದರೆಂಬುದನ್ನು ಗೀಗೀ ಪದಗಳ ಹಾಡುಗಾರರು ಇಂದಿಗೂ ಕಣ್ಣೀರು ತರಿಸುವಂತೆ ಹಾಡುತ್ತಾರೆ. ಹಳ್ಳದಲ್ಲಿ ಸ್ನಾನ ಮಾಡುತ್ತಿದ್ದವನನ್ನು ಜೊತೆಗಿದ್ದವರೇ ಹಿಡಿದುಕೊಟ್ಟರೆಂದು ಅವರ ಕಥೆ. ಕಿತ್ತೂರಿನ ಮದ್ದಿನಲ್ಲಿ ಸಗಣಿ ಬೆರೆಸಿದವರೂ ಒಳಗಿನವರೇ ಎಂದು ಅವರು ಹಾಡುತ್ತಾರೆ. ಹಾಡಿನಲ್ಲಿ ಬರುವ ಆ ಹೆಸರುಗಳನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಒಂದು ಮಾತನ್ನು ಓದುಗ ಬಂಧುಗಳ ಮುಂದಿಡಬೇಕಾಗಿದೆ. ಆ ಕೈಗಳು ಪರದೇಶದವರವಲ್ಲ. ಕಿತ್ತೂರಿನ ಅನ್ನವನ್ನೇ ಉಂಡವು. ರಾಣಿಯವರಿಗೆ ಮತದಿಂದಲೂ ಮನೆತನದಿಂದಲೂ ದೂರದವನಾದ ರಾಯಣ್ಣನು ರಾಣಿಯವರು ಕಣ್ಮರೆಯಾದ ಮೇಲೂ ಅವರ ಮಗನಿಗಾಗಿ ಹೋರಾಡಿದ. ‘ನಮ್ಮವರು’ ಎಂಬ ಶಬ್ದಕ್ಕೆ ಹುಟ್ಟನ್ನೇ ಅರ್ಥಮಾಡಿದರೆ ಈ ಚರಿತ್ರೆಯ ಒಂದು ಪುಟವನ್ನೂ ಓದಲಾಗುವುದಿಲ್ಲ.

ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ಸ್ಥಳ ಬೇರೆ, ಸಮಾಧಿಯ ಸ್ಥಳ ಬೇರೆ. ನಾವು ಮೊದಲು ಸಮಾಧಿಗೆ ಹೋದೆವು. ಜನವರಿ 26ರ ಉತ್ಸವ ಮುಗಿದು ಕೆಲವೇ ದಿನಗಳಾಗಿದ್ದವು. ಬಾಡಿದ ಮಾಲೆಗಳೂ ಬಣ್ಣದ ಕಾಗದಗಳೂ ಇನ್ನೂ ಅಲ್ಲಲ್ಲಿ ಉಳಿದಿದ್ದವು. ಅಶೋಕಸ್ತಂಭವೊಂದಿದೆ. ಅದರ ಬಳಿಯಲ್ಲಿಯೇ ಆ ಆಲದ ಮರ. ರಾಯಣ್ಣನನ್ನು ಮಣ್ಣುಮಾಡಿದ ಮೇಲೆ ಅವನ ಆಪ್ತ ಸಂಗಡಿಗ ಚನ್ನಬಸವಣ್ಣನು ಸಮಾಧಿಯ ಮೇಲೆ ನೆಟ್ಟ ಸಸಿಯೇ ಇಂದು ಈ ಮರವಾಗಿದೆಯೆಂದು ಐತಿಹ್ಯ. ಸೋತ ಪಕ್ಷದವನೊಬ್ಬ, ಕಲ್ಲು ನಿಲ್ಲಿಸಲು ಸಾಧ್ಯವಿಲ್ಲದ ಕಾಲದಲ್ಲಿ, ಗೆದ್ದವರ ಕಣ್ಣೆದುರಿಗೇ ಮಾಡಬಹುದಾದ ಸ್ಮಾರಕವೆಂದರೆ ಒಂದು ಸಸಿ. ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿರಲಿಲ್ಲ.

ಮರದ ಬಿಳಲುಗಳಿಗೆ, ಕೊಂಬೆಗಳಿಗೆ ಪುಟ್ಟಪುಟ್ಟ ತೊಟ್ಟಿಲುಗಳನ್ನು ಕಟ್ಟಿದ್ದರು. ಕಟ್ಟಿಗೆಯ ತೊಟ್ಟಿಲುಗಳು, ಕೆಲವು ಹೊಸವು, ಕೆಲವು ಮಳೆ-ಬಿಸಿಲಿಗೆ ಬಣ್ಣ ಕಳೆದುಕೊಂಡವು. ಗಾಳಿ ಬೀಸಿದಾಗ ಅವು ಮೆಲ್ಲಗೆ ತೂಗುತ್ತಿದ್ದವು. ಕಟ್ಟೆಯ ಮೇಲೆ ಕುಳಿತಿದ್ದ ಆ ಊರಿನ ಮುದುಕರೊಬ್ಬರು ನಮ್ಮನ್ನು ಕಂಡು, “ಬರ್ರಿ ಅಜ್ಜಾರ, ಕುಂದರ್ರಿ” ಎಂದು ಸ್ಥಳ ಬಿಟ್ಟುಕೊಟ್ಟರು. ಈ ಗಿಡಕ್ಕೆ ಎಷ್ಟು ವಯಸ್ಸಾಗಿರಬಹುದು ಎಂದು ಕೇಳಿದೆವು. ಅವರು, “ಇದಕ ಗಿಡ ಅನಬ್ಯಾಡ್ರಿ ಅಜ್ಜಾರ, ನಾವು ರಾಯಣ್ಣ ಅಂತೀವಿ” ಎಂದರು. ತೊಟ್ಟಿಲುಗಳ ವಿಷಯ ಕೇಳಿದಾಗ, “ಮಕ್ಕಳಿಲ್ಲದಾವ್ರು ಕಟ್ತಾರ್ರಿ. ರಾಯಣ್ಣನಂಥಾ ಮಗಾ ಹುಟ್ಟಲಿ ಅಂತ ಬೇಡ್ಕೋತಾರ” ಎಂದರು.

ನಾವು ಅಲ್ಲಿದ್ದ ಹೊತ್ತಿನಲ್ಲಿಯೇ ಒಬ್ಬ ಯುವದಂಪತಿ ಬಂದರು. ಹೆಣ್ಣುಮಗಳು ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದ ತೊಟ್ಟಿಲನ್ನು ತೆಗೆದಳು. ಗಂಡನು ಕೊಂಬೆಯನ್ನು ಬಾಗಿಸಿ ಹಿಡಿದ; ಅವಳು ಕಟ್ಟಿದಳು. ಅವರಿಬ್ಬರ ಮಾತು ಮರಾಠಿ. ಅವರು ಕೈಮುಗಿದು ಬಹಳ ಹೊತ್ತು ನಿಂತು, ಮುದುಕರಿಗೂ ನಮಗೂ ಸಕ್ಕರೆ ಕೊಟ್ಟು ಹೋದರು. ನಾವು ಏನನ್ನೂ ಕೇಳಿರಲಿಲ್ಲ, ಆದರೂ ಮುದುಕರು ತಾವಾಗಿಯೇ, “ಎಲ್ಲಾರೂ ಬರ್ತಾರ್ರಿ ಇಲ್ಲಿ. ಬ್ಯಾನಿ ಎಲ್ಲಾರದೂ ಒಂದ ಅಲ್ರಿ?” ಎಂದರು. ಪೀರನವಾಡಿಯ ಚೌಕದಿಂದ ಇಲ್ಲಿಗೆ ಇಪ್ಪತ್ತೈದು-ಮೂವತ್ತು ಕಿಲೋಮೀಟರ್ ಇದ್ದೀತು. ಅದೇ ವೀರ, ಅವೇ ಎರಡು ಭಾಷೆಗಳು.

ಇಲ್ಲಿ ನಮ್ಮ ಮನಸ್ಸಿನಲ್ಲಿ ಮೂಡಿದ ಒಂದು ಸಂದೇಹವನ್ನೂ ಮುಚ್ಚಿಡುವುದಿಲ್ಲ. ಮರಕ್ಕೆ ಹರಕೆ ಹೊರುವುದು ಶರಣರು ತೋರಿದ ಮಾರ್ಗವಲ್ಲ. ಇಷ್ಟಲಿಂಗವನ್ನು ಕರದಲ್ಲಿ ಹಿಡಿದವರಿಗೆ ಬೇರೆ ಆಶ್ರಯ ಬೇಡವೆಂದೇ ನಾವು ಇಷ್ಟುಕಾಲ ಬೋಧಿಸಿದ್ದೇವೆ, ಇನ್ನೂ ಬೋಧಿಸುತ್ತೇವೆ. ನಾವು ತೊಟ್ಟಿಲು ಕಟ್ಟಲಿಲ್ಲ. ಕಟ್ಟಿರೆಂದು ಯಾರಿಗೂ ಹೇಳುವುದಿಲ್ಲ. ಆದರೆ ಆ ತಾಯಿಯ ಮುಖವನ್ನು ನೋಡಿದ ಮೇಲೆ ಅದನ್ನು ಮೂಢತೆಯೆಂದು ತಳ್ಳಿಹಾಕಲು ನಾಲಗೆ ಏಳಲಿಲ್ಲ. ಅವಳು ಬೇಡಿದ್ದು ಸಿರಿಯನ್ನಲ್ಲ, ಗಲ್ಲಿಗೇರಿದವನಂಥ ಮಗನನ್ನು. ಗೆದ್ದವರಂಥ ಮಗ ಬೇಕೆಂದು ಬೇಡುವುದು ಲೋಕರೂಢಿ. ಸೋತವನಂಥ ಮಗ ಬೇಕೆಂದು ಸುಮಾರು ಎರಡು ಶತಮಾನ ಕಳೆದ ಮೇಲೂ ತಾಯಂದಿರು ಬೇಡುತ್ತಿರುವುದನ್ನು ನಾವು ಇಲ್ಲಿ ಕಂಡೆವು. ಹತ್ತು-ಒಂದರ ಪಂದ್ಯದಲ್ಲಿ ಆ ಒಂದನ್ನೇ ನೆನೆಯುತ್ತ ಕಣ್ಮುಚ್ಚಿದ ನಿರಾಶ್ರಿತ ತಂದೆಯ ಮಾತು ನಮಗೆ ಪೂರ್ಣವಾಗಿ ಅರ್ಥವಾದದ್ದು ಈ ಮರದ ಕೆಳಗೆ.

ಆಟವನ್ನೂ ರಣವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇವೆಂದು ಯಾರೂ ಭಾವಿಸಬಾರದು. ರಾಯಣ್ಣ ಕೊಟ್ಟದ್ದು ಪ್ರಾಣ. ಅಹಮದ್ ಖಾನರು ಕೊಟ್ಟದ್ದು ಆನಂದ. ಒಂದಕ್ಕೊಂದು ಸಾಟಿಯಲ್ಲ. ನಾವು ಹೋಲಿಸುತ್ತಿರುವುದು ನೆನೆಯುವವರನ್ನು. ಅಗಲಿದವನೊಬ್ಬನನ್ನು ನೆನೆಯುವಾಗ ಮನಸ್ಸು ಎರಡು ದಾರಿ ಹಿಡಿಯಬಹುದು. ‘ಅವನು ನಮ್ಮವನು, ನಿಮ್ಮವನಲ್ಲ’ ಎಂಬುದು ಒಂದು. ಆ ದಾರಿ ಈಡನ್ ಗಾರ್ಡನ್ಸಿನ ಮೆಟ್ಟಿಲುಗಳಿಗೆ, ಅನಗೋಳದ ಭಗ್ನ ಪ್ರತಿಮೆಗೆ ಹೋಗಿ ಮುಟ್ಟಿತು. ‘ಅವನು ನಮಗಾಗಿ ನಿಂತನು, ಆದುದರಿಂದ ನಮ್ಮವನು’ ಎಂಬುದು ಇನ್ನೊಂದು. ಆ ದಾರಿಯಲ್ಲಿ ಬೆಂಗಳೂರಿನ ಮುಸಲ್ಮಾನನು ಬಂಗಾಳದ ನಿರಾಶ್ರಿತರ ಪಾಂಡವನಾದ. ಹಾಲುಮತದ ಕಾವಲುಗಾರನು ಕಿತ್ತೂರಿನ ಅರಮನೆಯ ಮಗನಾದ. ಯಾರನ್ನೂ ಹೊರಗಿನವರೆಂದು ಎಣಿಸದಿರುವ ಬುದ್ಧಿಯನ್ನು ಬಸವಣ್ಣನವರು ದೇವರಲ್ಲಿ ಬೇಡಿಕೊಂಡದ್ದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ನಾವು ಬೈಲಹೊಂಗಲಕ್ಕೆ ಹೋಗಿ ಹಿಂದಿರುಗುತ್ತೇವೆ. ನಂದಗಡವನ್ನು ‘ಅವರ’ ಜಾಗವೆಂದು ಬಿಟ್ಟುಬಿಡುತ್ತೇವೆ. ಇದು ಬೇರೆಯವರ ಮೇಲಿನ ದೂರಲ್ಲ. ನಲವತ್ತು ವರ್ಷ ಹಾಗೆ ಮಾಡಿದವರು ನಾವೇ.

ಗಲ್ಲಿನ ಸ್ಥಳವನ್ನೂ ನೋಡಿಕೊಂಡು ಹಿಂದಿರುಗುವಾಗ ಸಂಜೆಯಾಗಿತ್ತು. ದಾರಿಯ ಮಗ್ಗುಲಿನ ಕೊಯ್ಲಾದ ಗದ್ದೆಯಲ್ಲಿ ಹತ್ತಾರು ಹುಡುಗರು ಚೆಂಡು ಒದೆಯುತ್ತಿದ್ದರು. ಭತ್ತದ ಕೂಳೆಗಳ ನಡುವೆ, ಹೆಚ್ಚಿನವರು ಬರಿಗಾಲಿನಲ್ಲಿ. ನಮ್ಮ ಹುಡುಗನು ಅನುಮತಿ ಕೇಳುವಂತೆ ನಮ್ಮ ಮುಖ ನೋಡಿದ. ಬಸ್ಸಿಗೆ ಇನ್ನೂ ಹೊತ್ತಿತ್ತು, ಹೋಗೆಂದೆವು. ಬೂಟುಗಳನ್ನು ಕಳಚಿ ನಮ್ಮ ಬಳಿ ಇಟ್ಟು ಅವನು ಗದ್ದೆಗೆ ಇಳಿದ. ಅವನ ಹೆಸರನ್ನಾಗಲಿ ಊರನ್ನಾಗಲಿ ಯಾರೂ ಕೇಳಿದಂತೆ ಕಾಣಲಿಲ್ಲ. ಯಾವ ಕಡೆ ಒಬ್ಬ ಕಡಿಮೆಯಿದ್ದನೋ ಆ ಕಡೆಗೆ ಸೇರಿಸಿಕೊಂಡರು. ನಾವು ಬದುವಿನ ಮೇಲೆ ಬೂಟುಗಳನ್ನು ಕಾಯುತ್ತ ಕುಳಿತೆವು.

ಬಸ್ಸಿನಲ್ಲಿ ಅವನು ಕಾಲಿನ ತರಚುಗಾಯ ಒರೆಸಿಕೊಳ್ಳುತ್ತ, “ಅಜ್ಜಾ, ಅವ್ರು ಹಿಂಗ ಬರಿಗಾಲ್ಲೆ ಆಡಿದ್ರೇನು ಲಂಡನ್ನಿನ್ಯಾಗ? ಅವರ ಹೆಸರು ಇನ್ನೊಮ್ಮೆ ಹೇಳ್ರಿ” ಎಂದ. ಹೇಳಿದೆವು. ಮೊಬೈಲಿನಲ್ಲಿ ಬರೆದುಕೊಂಡ. ಆಮೇಲೆ ಸ್ವಲ್ಪ ಯೋಚಿಸಿ, ಅದರ ಕೆಳಗೆ ಆಲದ ಸಸಿ ನೆಟ್ಟವನ ಹೆಸರನ್ನೂ ಕೇಳಿ ಬರೆದುಕೊಂಡ. ಆ ಎರಡನೆಯ ಹೆಸರನ್ನು ಕೇಳಬೇಕೆಂದು ಅವನಿಗೆ ಹೊಳೆದದ್ದು ನಮಗೆ ಬಹಳ ಸಂತೋಷವನ್ನುಂಟುಮಾಡಿತು. ವೀರನ ಹೆಸರನ್ನು ಎಲ್ಲರೂ ಕೇಳುತ್ತಾರೆ. ನೆನಪನ್ನು ನೆಟ್ಟವನ ಹೆಸರನ್ನು ಕೇಳುವವರು ಕಡಿಮೆ.

ಓದುಗ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಬೆಳಗಾವಿಯ ಕಡೆಗೆ ಬಂದಾಗ, ಕಿತ್ತೂರು-ಬೈಲಹೊಂಗಲಗಳ ಯಾತ್ರೆ ಮಾಡಿದಾಗ, ಒಂದು ದಿನವನ್ನು ನಂದಗಡಕ್ಕಾಗಿ ತೆಗೆದಿಡಿರಿ. ಮಕ್ಕಳನ್ನು ಕರೆದುಕೊಂಡು ಹೋಗಿರಿ. ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸುಗಳೂ ರೈಲುಗಳೂ ಇವೆ. ಅಲ್ಲಿಂದ ನಂದಗಡ ದೂರವಿಲ್ಲ. ಆ ಮರದ ಕೆಳಗೆ ಅರ್ಧ ತಾಸು ಸುಮ್ಮನೆ ಕುಳಿತು, ಯಾರು ಯಾರು ಬರುತ್ತಾರೆ, ಯಾವ ಯಾವ ಭಾಷೆಯಲ್ಲಿ ಬೇಡಿಕೊಳ್ಳುತ್ತಾರೆ ಎಂಬುದನ್ನು ಮಕ್ಕಳು ನೋಡಲಿ. ಮತ್ತೆ ಎಂದಾದರೂ ಕೋಲ್ಕತ್ತಕ್ಕೆ ಹೋಗುವ ಯೋಗ ಬಂದು, ಆ ಹಿರಿಯರು ಅದೇ ಬೆಂಚಿನ ಮೇಲೆ ಕಂಡರೆ, ಅವರ ಪ್ರಶ್ನೆಗೆ ಉತ್ತರ ಹೇಳಬೇಕೆಂದು ನಾವು ಕಾದಿದ್ದೇವೆ. ಆ ಜಾಗದಲ್ಲಿ ಒಂದು ಆಲದ ಮರವಿದೆ, ಅದರ ತುಂಬ ತೊಟ್ಟಿಲುಗಳಿವೆ ಎಂದು ಹೇಳುತ್ತೇವೆ.